ಕೊಟ್ಟ ಮೇಲೂ ಕೀಲಿ ಯಾರ ಕೈಯಲ್ಲಿ?

ಓದುಗರ ಪ್ರಶ್ನೆ – ನಮ್ಮ ಉತ್ತರ
ಈ ಸಂಚಿಕೆಯ ವಿಷಯ: ಸೈನಿಕರಿಗೆ ಕಂಪನಿಗಳು ನೀಡುವ ತಂತ್ರಜ್ಞಾನದ ಕೊಡುಗೆ

ಪ್ರಶ್ನೆ: ನಾನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್ಆರ್) ವಿಭಾಗವನ್ನು ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಮೂರು ವರ್ಷ ಬಳಸಿದ, ಇನ್ನೂ ಸುಸ್ಥಿತಿಯಲ್ಲಿರುವ 200 ಲ್ಯಾಪ್‌ಟಾಪ್‌ಗಳಿವೆ. ಇವನ್ನು ಗಡಿಯಲ್ಲಿರುವ ಯೋಧರಿಗೆ ಕೊಟ್ಟು, ಅವುಗಳ ಬೆಲೆಯನ್ನು ಸಿಎಸ್ಆರ್ ಖರ್ಚಿನಲ್ಲಿ ತೋರಿಸಬಹುದೇ? (ಹೆಸರು ಬೇಡವೆಂದ ಓದುಗರು, ಬೆಂಗಳೂರು)

ಉತ್ತರ: ತಮ್ಮ ಸದುದ್ದೇಶಕ್ಕೆ ಮೊದಲು ನಮಸ್ಕಾರ. ಆದರೆ ತಾವು ಕೇಳಿರುವ ರೀತಿಯಲ್ಲಿ ಇದನ್ನು ಮಾಡಲಾಗುವುದಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ 500 ಕೋಟಿ ರೂಪಾಯಿ ನಿವ್ವಳ ಸಂಪತ್ತು, ಇಲ್ಲವೇ 1000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭವಿರುವ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ಖರ್ಚು ಮಾಡಬೇಕು. ಇಲ್ಲಿ 'ಖರ್ಚು' ಎಂಬ ಮಾತು ಮುಖ್ಯ. ವಸ್ತುರೂಪದಲ್ಲಿ ಕೊಟ್ಟದ್ದಕ್ಕೆ ಬೆಲೆ ಕಟ್ಟಿ ಅದನ್ನು ಖರ್ಚಿನ ಲೆಕ್ಕಕ್ಕೆ ಸೇರಿಸುವಂತಿಲ್ಲ ಎಂದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯವು 2021ರಲ್ಲಿ ಹೊರಡಿಸಿದ ಪ್ರಶ್ನೋತ್ತರ ರೂಪದ ಸ್ಪಷ್ಟೀಕರಣದಲ್ಲಿ ಹೇಳಿದೆ. ಹಾಗಾಗಿ ತಮ್ಮ ಹಳೆಯ ಲ್ಯಾಪ್‌ಟಾಪ್‌ಗಳನ್ನು ಯಾರಿಗೆ ಕೊಟ್ಟರೂ ಅವು ಆ ಶೇ 2ರ ಒಳಗೆ ಬರುವುದಿಲ್ಲ.

ಎರಡನೆಯ ತೊಡಕು ಪಡೆಯುವವರದ್ದು. ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಮಾಜಿ ಸೈನಿಕರು, ಯುದ್ಧದಲ್ಲಿ ಪತಿಯನ್ನು ಕಳೆದುಕೊಂಡವರು ಮತ್ತು ಅವರ ಅವಲಂಬಿತರ ಹೆಸರಿದೆ. 2020ರಲ್ಲಿ ಕೇಂದ್ರೀಯ ಸಶಸ್ತ್ರ ಪೊಲೀಸ್ ಪಡೆಗಳ ನಿವೃತ್ತರನ್ನೂ ಅವರ ಕುಟುಂಬಗಳನ್ನೂ ಅದಕ್ಕೆ ಸೇರಿಸಲಾಯಿತು. ಆದರೆ ಸೇವೆಯಲ್ಲಿರುವ ಯೋಧನ ಹೆಸರು ಆ ಪಟ್ಟಿಯಲ್ಲಿಲ್ಲ. ಇದನ್ನು ಕೊರತೆಯೆಂದು ಕೆಲವರು ದೂರುತ್ತಾರೆ, ನಾನು ದೂರುವುದಿಲ್ಲ. ಸೇವೆಯಲ್ಲಿರುವ ಸೈನಿಕನ ಕೈಗೆ ಬೇಕಾದ ಸಾಧನವನ್ನು ಕೊಳ್ಳುವುದು ಸರ್ಕಾರದ ಹೊಣೆ, ಅದಕ್ಕೆ ಬಜೆಟ್ ಇದೆ, ಪರೀಕ್ಷೆಯ ಕ್ರಮವಿದೆ. ಆ ಹೊಣೆಯನ್ನು ಒಂದು ಕಂಪನಿಯ ಔದಾರ್ಯಕ್ಕೆ ಬಿಟ್ಟುಕೊಡುವುದು ಸೈನಿಕನಿಗೆ ಮಾಡುವ ಉಪಕಾರವಲ್ಲ.

ನನ್ನ ಅನುಭವವೊಂದನ್ನು ಹೇಳುತ್ತೇನೆ. ನಾನು ಸೇನೆಯ ಸಂಪರ್ಕ ವ್ಯವಸ್ಥೆಯನ್ನು ನೋಡಿಕೊಳ್ಳುವ ಸಿಗ್ನಲ್ಸ್ ದಳದಲ್ಲಿದ್ದಾಗ, ಎತ್ತರದ ಠಾಣೆಗಳಿಗೆ ಹೋಗಿಬರುವ ಜವಾನರು ತಂಗುವ ಶಿಬಿರವೊಂದಕ್ಕೆ ಒಂದು ಕಂಪನಿಯವರು ಹನ್ನೆರಡು ಟ್ಯಾಬ್ಲೆಟ್‌ಗಳನ್ನು ಕೊಟ್ಟಿದ್ದರು. ಹುಡುಗರು ಸಿನಿಮಾ ನೋಡಲಿ, ಪರೀಕ್ಷೆಗೆ ಓದಿಕೊಳ್ಳಲಿ ಎಂಬುದು ಅವರ ಆಸೆ. ಹಾರ, ಫೋಟೊ ಎಲ್ಲವೂ ಆಯಿತು. ಪ್ರತಿಯೊಂದರ ಬೆನ್ನಿಗೂ ಕಂಪನಿಯ ದೊಡ್ಡ ಚೀಟಿ ಅಂಟಿತ್ತು. ಮೂವತ್ತು ದಿನ ಕಳೆದ ಮೇಲೆ ಹನ್ನೆರಡೂ ಒಂದೇ ಬೆಳಿಗ್ಗೆ ಒಂದೇ ಮಾತು ಹೇಳತೊಡಗಿದವು: ಅಂತರ್ಜಾಲಕ್ಕೆ ಜೋಡಿಸಿ, ನೋಂದಣಿಯನ್ನು ನವೀಕರಿಸಿ, ನಿಮ್ಮ ಮೊಬೈಲಿಗೆ ಬಂದ ಒಟಿಪಿಯನ್ನು ನಮೂದಿಸಿ. ಅಲ್ಲಿ ಅಂತರ್ಜಾಲವೂ ಇರಲಿಲ್ಲ, ಒಟಿಪಿ ಬರಲು ಮೊಬೈಲ್ ಸಿಗ್ನಲ್ಲೂ ಇರಲಿಲ್ಲ. ಕೊಟ್ಟವರಿಗೆ ಪತ್ರ ಬರೆದೆವು. ಆ ವಿಭಾಗದ ಅಧಿಕಾರಿ ಬದಲಾಗಿದ್ದರು. ಮಾರ್ಚ್‌ನಲ್ಲಿ ಹಿಮ ಕರಗುವ ಹೊತ್ತಿಗೆ ಅವು ಉಗ್ರಾಣದ ಕಬ್ಬಿಣದ ಪೆಟ್ಟಿಗೆಯಲ್ಲಿ ಕಂಬಳಿಗಳ ಕೆಳಗಿದ್ದವು. ಆ ಕಂಬಳಿಗಳನ್ನೂ ಯಾರೋ ದಾನವಾಗಿ ಕೊಟ್ಟಿದ್ದರು, ಅವು ಪ್ರತಿ ರಾತ್ರಿ ಕೆಲಸಕ್ಕೆ ಬರುತ್ತಿದ್ದವು. ಈ ವ್ಯತ್ಯಾಸ ನನ್ನ ಮನಸ್ಸಿನಿಂದ ಹೋಗಿಲ್ಲ.

ತಮ್ಮ ಕಂಪನಿಗೆ ನಿಜವಾಗಿಯೂ ಮಾಡುವ ಮನಸ್ಸಿದ್ದರೆ ಕೇಂದ್ರೀಯ ಸೈನಿಕ ಮಂಡಳಿಯ ಮೂಲಕ ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿಗೆ ಸಿಎಸ್ಆರ್ ಹಣ ಕೊಡಬಹುದು. ಗಾಯಗೊಂಡು ಕಾಲಿನ ಶಕ್ತಿ ಕಳೆದುಕೊಂಡ ಯೋಧರಿಗೆ ಮಾರ್ಪಡಿಸಿದ ಸ್ಕೂಟರ್ ಕೊಡಿಸಲು, ಪುಣೆಯ ಖಡ್ಕಿಯಲ್ಲಿರುವ ಪುನರ್ವಸತಿ ಕೇಂದ್ರದಂಥ ಸಂಸ್ಥೆಗಳಿಗೆ ನೆರವಾಗಲು ಈ ನಿಧಿ ಬಳಕೆಯಾಗುತ್ತದೆ. ತಂತ್ರಜ್ಞಾನವೇ ಬೇಕೆಂದರೆ ಮೋಟಾರು ಗಾಲಿಕುರ್ಚಿ, ಒಳ್ಳೆಯ ಕೃತಕ ಕಾಲು, ದೃಷ್ಟಿ ಕಳೆದುಕೊಂಡವನಿಗೆ ಓದಿ ಹೇಳುವ ಸಾಧನ ಎಲ್ಲವೂ ತಂತ್ರಜ್ಞಾನವೇ. ಆ 200 ಲ್ಯಾಪ್‌ಟಾಪ್‌ಗಳನ್ನು ಸಿಎಸ್ಆರ್ ಲೆಕ್ಕಕ್ಕೆ ಸೇರಿಸದೆ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗಳ ಮೂಲಕ ಮಾಜಿ ಸೈನಿಕರ ಕಾಲೇಜಿಗೆ ಹೋಗುವ ಮಕ್ಕಳಿಗೆ ಕೊಡಿ. ಕೊಡುವ ಮುನ್ನ ಹೊಸ ಬ್ಯಾಟರಿ ಹಾಕಿಸಿ, ಹಳೆಯ ಮಾಹಿತಿಯನ್ನು ಪೂರ್ತಿ ಅಳಿಸಿ, ದುರಸ್ತಿಗೆ ಯಾರನ್ನು ಕೇಳಬೇಕೆಂದು ಒಂದು ದೂರವಾಣಿ ಸಂಖ್ಯೆಯನ್ನು ಬರೆದುಕೊಡಿ. ಇನ್ನೊಂದು ಮಾತು: ತಮ್ಮ ಉತ್ಪನ್ನದ ಪ್ರಚಾರಕ್ಕಾಗಿ ಪ್ರಾಯೋಜಿಸಿದ್ದನ್ನು ಸಿಎಸ್ಆರ್ ಎಂದು ಪರಿಗಣಿಸುವುದಿಲ್ಲವೆಂದು ನಿಯಮವೇ ಹೇಳುತ್ತದೆ, ಆದ್ದರಿಂದ ಬೆನ್ನಿನ ಚೀಟಿಯನ್ನು ಸಾಧ್ಯವಾದಷ್ಟು ಚಿಕ್ಕದಾಗಿಡಿ.

ಪ್ರಶ್ನೆ: ಯುಕ್ರೇನ್ ಯುದ್ಧದಲ್ಲಿ ಅಮೆರಿಕದ ಒಂದು ಕಂಪನಿ ಉಪಗ್ರಹ ಅಂತರ್ಜಾಲವನ್ನು ಉಚಿತವಾಗಿ ಕೊಟ್ಟು ಸೇನೆಯನ್ನು ಉಳಿಸಿತು ಎಂದು ಒಬ್ಬರು ಹೇಳುತ್ತಾರೆ, ಅದೇ ಕಂಪನಿ ಬೇಕಾದಾಗ ನಿಲ್ಲಿಸಿ ಕೈಕೊಟ್ಟಿತು ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ನಿಜ? (ಕಾಲೇಜು ಉಪನ್ಯಾಸಕರು, ಶಿವಮೊಗ್ಗ)

ಉತ್ತರ: ಎರಡರಲ್ಲೂ ನಿಜವಿದೆ. ವಿಷಯ ಸ್ವಲ್ಪ ದೀರ್ಘವಾದುದರಿಂದ ಮೊದಲಿನಿಂದ ಹೇಳುತ್ತೇನೆ.

2022ರ ಫೆಬ್ರುವರಿ 24ರಂದು ರಷ್ಯಾದ ಸೇನೆ ಯುಕ್ರೇನಿನ ಗಡಿ ದಾಟಿದ ಹೊತ್ತಿಗೇ ವಯಾಸ್ಯಾಟ್ ಕಂಪನಿಯ ಉಪಗ್ರಹ ಜಾಲದ ಮೇಲೆ ಸೈಬರ್ ದಾಳಿ ನಡೆದು ಸಾವಿರಾರು ಮೋಡೆಮ್‌ಗಳು ನಿಷ್ಕ್ರಿಯವಾದವು. ಯುಕ್ರೇನಿನ ಸೇನೆಯೂ ಆ ಜಾಲವನ್ನು ಬಳಸುತ್ತಿತ್ತು. ಅದೇ ಜಾಲವನ್ನು ನೆಚ್ಚಿಕೊಂಡಿದ್ದ ಜರ್ಮನಿಯ 5,800 ಗಾಳಿಯಂತ್ರಗಳ ದೂರನಿಯಂತ್ರಣವೂ ಅದರೊಂದಿಗೆ ತಪ್ಪಿಹೋಯಿತೆಂದರೆ ದಾಳಿಯ ವ್ಯಾಪ್ತಿ ಎಷ್ಟಿತ್ತೆಂದು ಊಹಿಸಬಹುದು. ಎರಡು ದಿನಗಳ ನಂತರ, ಫೆಬ್ರುವರಿ 26ರಂದು, ಯುಕ್ರೇನಿನ ಉಪಪ್ರಧಾನಿ ಮಿಖೈಲೊ ಫೆಡೊರೊವ್ ಅವರು ಸ್ಪೇಸ್‌ಎಕ್ಸ್ ಕಂಪನಿಯ ಎಲಾನ್ ಮಸ್ಕ್ ಅವರಿಗೆ ಟ್ವಿಟರ್‌ನಲ್ಲಿ ಬಹಿರಂಗವಾಗಿ ಮನವಿ ಮಾಡಿದರು. ಕೆಲವೇ ಗಂಟೆಗಳಲ್ಲಿ ಆ ಕಂಪನಿಯ ಉಪಗ್ರಹ ಅಂತರ್ಜಾಲವಾದ ಸ್ಟಾರ್‌ಲಿಂಕ್ ಸೇವೆ ಯುಕ್ರೇನಿನಲ್ಲಿ ಆರಂಭವಾಯಿತು. 28ರಂದು ತಟ್ಟೆಯಾಕಾರದ ಆಂಟೆನಾಗಳ ಮೊದಲ ಲಾರಿ ಬಂದಿತು. ಒಂದು ದೇಶದ ಯುದ್ಧಕಾಲದ ಸಂಪರ್ಕ ವ್ಯವಸ್ಥೆ ಇಷ್ಟು ಬೇಗ, ಟೆಂಡರಿಲ್ಲದೆ, ಕರಾರಿಲ್ಲದೆ ಬಂದದ್ದನ್ನು ನನ್ನ ದಳದ ಹಳಬರು ಯಾರೂ ಕಂಡಿರಲಿಲ್ಲ.

ಆ ತಟ್ಟೆ ಮಾಡುವ ಕೆಲಸವೇನೆಂದು ಹೇಳದಿದ್ದರೆ ಮುಂದಿನದು ಅರ್ಥವಾಗದು. ಹಳೆಯ ಬಗೆಯ ಸಂಪರ್ಕ ಉಪಗ್ರಹಗಳು ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುತ್ತವೆ. ಸ್ಟಾರ್‌ಲಿಂಕಿನವು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸಾವಿರಾರು ಸಂಖ್ಯೆಯಲ್ಲಿ ಸುತ್ತುತ್ತವೆ. ಹತ್ತಿರವಿರುವುದರಿಂದ ಸಂದೇಶ ತಡವಾಗುವುದಿಲ್ಲ, ಒಂದು ಮರೆಯಾಗುವಷ್ಟರಲ್ಲಿ ಇನ್ನೊಂದು ತಲೆಯ ಮೇಲೆ ಬಂದಿರುತ್ತದೆ. ಯುಕ್ರೇನಿನ ಯೋಧರು ನೆಲದಲ್ಲಿ ಗುಂಡಿ ತೋಡಿ, ಬಿಳಿಯ ತಟ್ಟೆಗೆ ಹಸಿರು ಬಣ್ಣ ಬಳಿದು, ಗುಂಡಿಯೊಳಗೆ ಆಕಾಶದ ಕಡೆಗೆ ಇಟ್ಟು, ಮೇಲೆ ಮರೆಬಲೆ ಹೊದಿಸಿ, ಚಿಕ್ಕ ಜನರೇಟರಿಗೆ ಜೋಡಿಸಿಕೊಂಡರು. ಡ್ರೋನ್ ಕಂಡ ಚಿತ್ರ ಆ ಗುಂಡಿಯಿಂದಲೇ ಫಿರಂಗಿಯವರ ಟ್ಯಾಬ್ಲೆಟಿಗೆ ಹೋಗುತ್ತಿತ್ತು. ರಾತ್ರಿ ಅದೇ ಗುಂಡಿಯಿಂದ ಮನೆಗೆ ವಿಡಿಯೊ ಕರೆಯೂ ಹೋಗುತ್ತಿತ್ತು. ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಆ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದದ್ದು ನಮಗೆಲ್ಲ ನೆನಪಿದೆ. ಮನೆಗೆ ಹೋಗುವ ಒಂದು ಕರೆಯ ಬೆಲೆ ಏನೆಂದು ಆ ವಾರ ನೆಲಮಾಳಿಗೆಗಳಲ್ಲಿದ್ದ ನಮ್ಮ ಮಕ್ಕಳ ತಂದೆತಾಯಿಯರಿಗೆ ತಿಳಿದಿದೆ.

ಇನ್ನು 'ಉಚಿತ' ಎಂಬ ಮಾತು. ಅಮೆರಿಕದ ನೆರವು ಸಂಸ್ಥೆ ಯುಎಸ್ಏಡ್ 2022ರ ಏಪ್ರಿಲ್‌ನಲ್ಲಿ ಪ್ರಕಟಿಸಿದ 5,000 ತಟ್ಟೆಗಳಲ್ಲಿ 3,667ನ್ನು ಕಂಪನಿ ಕೊಡುಗೆಯಾಗಿ ಕೊಟ್ಟಿತ್ತು, 1,333ನ್ನು ಸರ್ಕಾರ ಹಣ ಕೊಟ್ಟು ಕೊಂಡಿತ್ತು. ಪೋಲೆಂಡ್‌ನಂಥ ದೇಶಗಳೂ ದೊಡ್ಡ ಪ್ರಮಾಣದಲ್ಲಿ ಹಣ ಕೊಟ್ಟವು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕಂಪನಿಯು ಅಮೆರಿಕದ ರಕ್ಷಣಾ ಇಲಾಖೆಗೆ ಪತ್ರ ಬರೆದು, ತಾನು ಇನ್ನು ಹೀಗೆ ಕೊಡುತ್ತಾ ಹೋಗಲಾರೆ, ಮುಂದಿನ 12 ತಿಂಗಳಿಗೆ ಸುಮಾರು 40 ಕೋಟಿ ಡಾಲರ್ ಆಗಬಹುದು, ಇಲಾಖೆಯೇ ಭರಿಸಲಿ ಎಂದು ಕೇಳಿದ ಸಂಗತಿ ಅಕ್ಟೋಬರ್‌ನಲ್ಲಿ ಬಯಲಾಯಿತು. ಮಸ್ಕ್ ಅವರು ಒಂದು ದಿನ ಇದನ್ನು ಸಮರ್ಥಿಸಿಕೊಂಡು, ಮರುದಿನವೇ ಉಚಿತವಾಗಿಯೇ ಮುಂದುವರಿಸುತ್ತೇವೆ ಎಂದರು. ಅದೇ ತಿಂಗಳ ಕೊನೆಗೆ, ಹಣ ಸಂದಾಯವಾಗದ ಕಾರಣ ಯುಕ್ರೇನ್ ಸೇನೆಯ ಸುಮಾರು 1,300 ತಟ್ಟೆಗಳು ಸ್ತಬ್ಧವಾದವೆಂದೂ, ಒಂದೊಂದಕ್ಕೂ ತಿಂಗಳಿಗೆ 2,500 ಡಾಲರ್ ಶುಲ್ಕವಿತ್ತೆಂದೂ ವರದಿಯಾಯಿತು. ಆ ಹೊತ್ತಿನಲ್ಲಿ ಯುಕ್ರೇನ್ ಪಡೆಗಳು ದಕ್ಷಿಣದಲ್ಲಿ ಖೆರ್ಸೊನ್ ನಗರದ ಕಡೆಗೆ ಮುನ್ನಡೆಯುತ್ತಿದ್ದವು. ಮುನ್ನಡೆಯುವ ಪಡೆಗೆ ಸಂಪರ್ಕ ತಪ್ಪುವುದೆಂದರೆ ಏನೆಂದು ಬಲ್ಲವನಾಗಿ ಹೇಳುತ್ತೇನೆ: ಹಿಂದಿರುವ ಫಿರಂಗಿಗೆ ತನ್ನವರು ಎಲ್ಲಿದ್ದಾರೆಂದೇ ತಿಳಿಯುವುದಿಲ್ಲ.

ಕ್ರಿಮಿಯಾದ ಪ್ರಸಂಗ ಇದಕ್ಕಿಂತ ಗಂಭೀರವಾದುದು. ರಷ್ಯಾದ ವಶದಲ್ಲಿದ್ದ ಕ್ರಿಮಿಯಾದ ಬಂದರು ಸೆವಾಸ್ತೊಪೋಲ್‌ನಲ್ಲಿದ್ದ ರಷ್ಯಾದ ನೌಕಾಪಡೆಯ ಮೇಲೆ ಯುಕ್ರೇನ್ 2022ರಲ್ಲಿ ಸಮುದ್ರದ ಡ್ರೋನ್‌ಗಳಿಂದ ದಾಳಿಗೆ ಹೊರಟಾಗ ಅಲ್ಲಿ ಸ್ಟಾರ್‌ಲಿಂಕ್ ಸಂಪರ್ಕ ಸಿಗಲಿಲ್ಲ. ಕಂಪನಿಯು ಇದ್ದ ಸೇವೆಯನ್ನು ನಡುವೆ ಕಡಿಯಿತೆಂದು ಮೊದಲು ಪ್ರಕಟವಾಯಿತು. ಬಳಿಕ ಅದನ್ನು ತಿದ್ದಿ, ಆ ಭಾಗದಲ್ಲಿ ಸೇವೆ ಮೊದಲಿನಿಂದಲೂ ಇರಲಿಲ್ಲ, ತೆರೆಯಿರೆಂಬ ತುರ್ತು ಕೋರಿಕೆಯನ್ನು ಮಸ್ಕ್ ನಿರಾಕರಿಸಿದರು ಎಂದು ಸ್ಪಷ್ಟಪಡಿಸಲಾಯಿತು. ಒಪ್ಪಿದ್ದರೆ ತನ್ನ ಕಂಪನಿಯೇ ಯುದ್ಧದ ದೊಡ್ಡ ಕೃತ್ಯವೊಂದರಲ್ಲಿ ಭಾಗಿಯಾದಂತೆ ಆಗುತ್ತಿತ್ತು ಎಂಬುದು ಅವರು ಕೊಟ್ಟ ಕಾರಣ. 2023ರ ಫೆಬ್ರುವರಿಯಲ್ಲಿ ಕಂಪನಿಯ ಅಧ್ಯಕ್ಷೆ ಗ್ವಿನ್ ಶಾಟ್‌ವೆಲ್ ಅವರು ಈ ಸೇವೆಯನ್ನು ಆಯುಧವಾಗಿ ಬಳಸಲೆಂದು ಕೊಟ್ಟದ್ದಲ್ಲ, ಡ್ರೋನ್‌ಗಳಲ್ಲಿ ಬಳಸುವುದನ್ನು ಮಿತಿಗೊಳಿಸಲು ಕ್ರಮ ಕೈಗೊಂಡಿದ್ದೇವೆ ಎಂದರು.

ನಾನು ಆ ಕಂಪನಿಯನ್ನು ಖಳನೆಂದು ಕರೆಯಲಾರೆ. ಅದು ಕೊಡದಿದ್ದರೆ ಮೊದಲ ವಾರಗಳಲ್ಲಿ ಯುಕ್ರೇನಿನ ಅನೇಕ ಪಡೆಗಳು ಮೂಕವಾಗಿರುತ್ತಿದ್ದವು. ತನ್ನ ಯಂತ್ರದಿಂದ ಜನ ಸಾಯಬಾರದು ಎಂದು ವರ್ತಕನೊಬ್ಬ ಹಿಂಜರಿದರೆ ಅದು ತಪ್ಪೂ ಅಲ್ಲ. ಆದರೆ ದಾಳಿ ನಡೆಯಬೇಕೇ ಬೇಡವೇ ಎಂಬ ತೀರ್ಮಾನ, ಚುನಾಯಿತ ಸರ್ಕಾರದ ಮತ್ತು ಅದರ ಸೇನಾಧಿಪತಿಯ ಕೈಯಿಂದ ಜಾರಿ, ಸಾವಿರಾರು ಮೈಲಿ ದೂರದ ಒಬ್ಬ ದಾನಿಯ ಮುಂದೆ ಬಂದು ನಿಂತಿತಲ್ಲ, ತಪ್ಪಿರುವುದು ಅಲ್ಲಿ. ಕರಾರಿಲ್ಲದ ಕೊಡುಗೆಗೆ ಹೊಣೆಯೂ ಇರುವುದಿಲ್ಲ. ಏಕೆ ಕೊಡಲಿಲ್ಲ ಎಂದು ಕೇಳುವ ಹಕ್ಕು ಪಡೆದವನಿಗೆ ಬರುವುದಿಲ್ಲ. 2023ರ ಜೂನ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆಯು ಯುಕ್ರೇನಿಗಾಗಿ ಸ್ಟಾರ್‌ಲಿಂಕ್ ಸೇವೆಯನ್ನು ಹಣ ಕೊಟ್ಟು ಪಡೆಯುವ ಕರಾರು ಮಾಡಿಕೊಂಡಾಗ ಈ ದೋಷದ ಒಂದು ಪಾಲು ಸರಿಯಾಯಿತು. 'ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ' ಎಂದು ನಮ್ಮಲ್ಲಿ ಹಂಗಿಸುವುದುಂಟು. ಸೇನೆಯಾದರೋ ಮೊಳ ಹಾಕಲೇಬೇಕು.

ಬೇರೆ ಕಂಪನಿಗಳೂ ಕೊಟ್ಟಿವೆ. ಮೈಕ್ರೋಸಾಫ್ಟ್ ಯುಕ್ರೇನ್ ಸರ್ಕಾರಕ್ಕೆ ನೀಡಿದ ಉಚಿತ ತಾಂತ್ರಿಕ ನೆರವಿನ ಮೌಲ್ಯ 2023ನ್ನೂ ಸೇರಿಸಿ 40 ಕೋಟಿ ಡಾಲರಿಗೂ ಹೆಚ್ಚೆಂದು ಅದೇ ಪ್ರಕಟಿಸಿದೆ. ಟರ್ಕಿಯ ಬೈಕಾರ್ ಕಂಪನಿಯ ಕಥೆ ನನಗೆ ಹೆಚ್ಚು ಇಷ್ಟ. ಯುಕ್ರೇನಿನ ಜನರು 2022ರ ಜೂನ್‌ನಲ್ಲಿ ಬೈರಕ್ತಾರ್ ಡ್ರೋನ್‌ಗಳಿಗಾಗಿ 60 ಕೋಟಿ ಹ್ರಿವ್ನಿಯಾ (ಅಲ್ಲಿನ ಹಣ) ಚಂದಾ ಕೂಡಿಸಿದಾಗ ಕಂಪನಿಯು ಹಣ ಬೇಡವೆಂದು ಮೂರು ಡ್ರೋನ್‌ಗಳನ್ನು ಹಾಗೆಯೇ ಕೊಟ್ಟಿತು. ಚಂದಾ ಹಣದಲ್ಲಿ ಫಿನ್ಲೆಂಡಿನ ಐಸ್‌ಐ ಕಂಪನಿಯ ರಾಡಾರ್ ಉಪಗ್ರಹದ ಸೇವೆಯನ್ನು ಕೊಂಡರು. ಆದರೆ ಕ್ಲಿಯರ್‌ವ್ಯೂ ಎಂಬ ಕಂಪನಿ ಮುಖ ಗುರುತಿಸುವ ತಂತ್ರಾಂಶವನ್ನು ಉಚಿತವಾಗಿ ಕೊಟ್ಟಿದ್ದು, ಯುಕ್ರೇನಿನ ಅಧಿಕಾರಿಗಳು ಅದನ್ನು ಬಳಸಿ ಸತ್ತ ರಷ್ಯನ್ ಸೈನಿಕರ ಮುಖಗಳನ್ನು ಗುರುತಿಸಿ ಅವರ ಮನೆಯವರಿಗೆ ತಿಳಿಸಿದ್ದನ್ನು ಓದಿದಾಗ ನನಗೆ ಹಿತವೆನಿಸಲಿಲ್ಲ. ರಣರಂಗವು ಮಾರಾಟದ ಸರಕಿನ ಪರೀಕ್ಷಾಶಾಲೆಯಾಗುವ ಅಪಾಯ ಇಂಥ ಕೊಡುಗೆಗಳಲ್ಲಿ ಇದ್ದೇ ಇರುತ್ತದೆ.

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಮೈಸೂರಿನ ಹೆಸರಿನ ವಿಮಾನಗಳು ಇಂಗ್ಲೆಂಡಿನಲ್ಲಿ ಹಾರುತ್ತಿದ್ದವೆಂದು ನಮ್ಮ ತಾತ ಹೇಳುತ್ತಿದ್ದರು. ಇದು ನಿಜವೇ? (ಓದುಗರು, ಮೈಸೂರು)

ಉತ್ತರ: ನಿಜ. 1940ರಲ್ಲಿ ಬ್ರಿಟನ್ನಿನಲ್ಲಿ ಯುದ್ಧವಿಮಾನ ಕೊಳ್ಳಲು ಸ್ಪಿಟ್‌ಫೈರ್ ನಿಧಿಗಳು ಹುಟ್ಟಿಕೊಂಡವು. 5,000 ಪೌಂಡ್ ಕೂಡಿಸಿ ಕೊಟ್ಟವರ ಹೆಸರನ್ನು, ಅದು ಊರಾಗಲಿ ಕಾರ್ಖಾನೆಯಾಗಲಿ ಸಂಘವಾಗಲಿ, ಒಂದು ವಿಮಾನದ ಮೈಮೇಲೆ ಬರೆಯುತ್ತಿದ್ದರು. ಮೈಸೂರು ಸಂಸ್ಥಾನದ ಕೊಡುಗೆಯ ನೆನಪಿಗೆ 1941ರ ಜೂನ್‌ನಲ್ಲಿ ಬ್ರಿಟಿಷ್ ವಾಯುಪಡೆಯಲ್ಲಿ ಮತ್ತೆ ಕಟ್ಟಿದ 129ನೇ ಸ್ಕ್ವಾಡ್ರನ್ನಿಗೆ 'ಮೈಸೂರು' ಎಂಬ ಹೆಸರಿಟ್ಟರು. ಅದರ ಲಾಂಛನದಲ್ಲಿ ನಮ್ಮ ಗಂಡಭೇರುಂಡವಿತ್ತು. ಹಿಂದಿನ ಪ್ರಶ್ನೆಗೂ ಇದಕ್ಕೂ ಒಂದು ನಂಟಿದೆ. ಹೆಸರು ಮೈಸೂರಿನದಾದರೂ ಆ ವಿಮಾನ ಯಾವ ದಿನ ಎಲ್ಲಿಗೆ ಹಾರಬೇಕೆಂದು ಮೈಸೂರು ಹೇಳುವಂತಿರಲಿಲ್ಲ, ನಡುದಾರಿಯಲ್ಲಿ ಅದರ ಎಂಜಿನ್ ನಿಲ್ಲಿಸುವಂತೆಯೂ ಇರಲಿಲ್ಲ. ಕೊಟ್ಟ ಕ್ಷಣದಲ್ಲೇ ಅದು ಪಡೆದವರ ವಶವಾಗಿತ್ತು. ಇಂದಿನ ತಂತ್ರಜ್ಞಾನ ಹಾಗಲ್ಲ. ಯಂತ್ರ ಪಡೆದವನ ಗುಂಡಿಯಲ್ಲಿದ್ದರೂ ಪರವಾನಗಿ, ಚಂದಾ, ತಂತ್ರಾಂಶದ ನವೀಕರಣ ಎಲ್ಲವೂ ಕೊಟ್ಟವನ ಕಚೇರಿಯಲ್ಲೇ ಉಳಿಯುತ್ತವೆ.

ಪರತಂತ್ರರಾಗಿದ್ದ ನಮ್ಮ ಜನರ ಹಣ ಚಕ್ರಾಧಿಪತ್ಯದ ಯುದ್ಧಕ್ಕೆ ಹೋಯಿತೆಂಬ ನೋವನ್ನು ಬದಿಗಿಟ್ಟು ಈ ಕೊಡುಗೆಯನ್ನು ಹೊಗಳಲು ನನಗೆ ಮನಸ್ಸಾಗದು. ಅದೇ ವರ್ಷಗಳಲ್ಲಿ ಮೈಸೂರು ಸರ್ಕಾರ ಮಾಡಿದ ಇನ್ನೊಂದು ಕೆಲಸ ದೊಡ್ಡದು. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರೊಂದಿಗೆ ಬಂಡವಾಳ ಹೂಡಿ ಅದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ತೆರೆಯಿತು. ಇಂದಿನ ಎಚ್‌ಎಎಲ್ ಅದೇ. ಬೆಂಗಳೂರಿನ ಹೊಸ ನವೋದ್ಯಮಗಳವರು ತಮ್ಮ ಸಾಧನವನ್ನು ಸೇನೆಗೆ ಪುಕ್ಕಟೆ ಕೊಡಲೇ ಎಂದು ಆಗಾಗ ಕೇಳುತ್ತಾರೆ. ಅವರಿಗೆ ನಾನು ಹೇಳುವುದು, 2018ರಲ್ಲಿ ಆರಂಭವಾದ, ರಕ್ಷಣಾ ಸಚಿವಾಲಯದ ಐಡೆಕ್ಸ್ ಯೋಜನೆಗೆ ಅರ್ಜಿ ಹಾಕಿ ಎಂದು. ಅಲ್ಲಿ ಅನುದಾನವಿದೆ. ಸೇನೆ ತನ್ನ ಅಗತ್ಯವನ್ನು ತಾನೇ ಹೇಳುತ್ತದೆ, ತಾನೇ ಪರೀಕ್ಷಿಸುತ್ತದೆ, ಒಪ್ಪಿಗೆಯಾದರೆ ಹಣ ಕೊಟ್ಟು ಕೊಳ್ಳುತ್ತದೆ.

ಪ್ರಶ್ನೆ: ನನ್ನ ಮಗ ಲಡಾಖ್ ಕಡೆ ಇದ್ದಾನೆ. ಸಿಯಾಚಿನ್‌ಗೂ ಮೊಬೈಲ್ ಬಂದಿದೆ ಎಂದು ಕೇಳಿದೆ. ಅವನಿಗೂ ಅವನ ಜೊತೆಯವರಿಗೂ ನಮ್ಮ ಮಹಿಳಾ ಸಂಘದಿಂದ ಕೈಗಡಿಯಾರದಂಥ ಹೊಸ ಸಾಧನಗಳನ್ನು ಕಳಿಸಬೇಕೆಂದಿದ್ದೇವೆ. ಅಂಗಡಿಯವರು ಅರ್ಧ ಬೆಲೆಗೆ ಕೊಡುತ್ತಾರಂತೆ. ಕಳಿಸಬಹುದೇ? (ಯೋಧನ ತಾಯಿ, ಧಾರವಾಡ ಜಿಲ್ಲೆ)

ಉತ್ತರ: ತಾಯಿ, ಬೇಡ. ನಿಮ್ಮ ಪ್ರೀತಿ ದೊಡ್ಡದು, ಆದರೆ ಆ ಗಡಿಯಾರ ತೊಟ್ಟವನು ಎಲ್ಲಿ ನಡೆದನೆಂಬುದನ್ನು ಬರೆದಿಟ್ಟುಕೊಂಡು ಕಂಪನಿಯ ಕಂಪ್ಯೂಟರಿಗೆ ಕಳಿಸುತ್ತದೆ. 2017ರ ನವೆಂಬರ್‌ನಲ್ಲಿ ಸ್ಟ್ರಾವಾ ಎಂಬ ವ್ಯಾಯಾಮದ ಆ್ಯಪ್ ಪ್ರಕಟಿಸಿದ ನಕಾಶೆಯಲ್ಲಿ, ಮರುಭೂಮಿಯ ನಡುವೆ ಅಮೆರಿಕದ ಸೈನಿಕರು ಬೆಳಿಗ್ಗೆ ಓಡಿದ ದಾರಿಗಳು ಬೆಳಕಿನ ಗೆರೆಗಳಂತೆ ಮೂಡಿ, ಗುಟ್ಟಾಗಿದ್ದ ನೆಲೆಗಳು 2018ರ ಜನವರಿಯಲ್ಲಿ ಜಗತ್ತಿಗೇ ಕಂಡವು. ನಮ್ಮ ಸೇನೆಯೂ 2020ರಲ್ಲಿ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆದುಹಾಕುವಂತೆ ಯೋಧರಿಗೆ ಆದೇಶಿಸಿತ್ತು. ಮಗ ಕರೆ ಮಾಡಿದಾಗಲೂ ಎಲ್ಲಿದ್ದೀಯಪ್ಪ ಎಂದು ಒತ್ತಾಯಿಸಿ ಕೇಳಬೇಡಿ. ಊಟ ಆಯಿತೇ, ಕಾಲು ಬೆಚ್ಚಗಿವೆಯೇ ಎಂದು ಕೇಳಿ.

ನೀವು ಕೇಳಿದ ಸುದ್ದಿ ನಿಜ. 2025ರ ಜನವರಿಯಲ್ಲಿ, ಸೇನಾ ದಿನಕ್ಕೆ ಮುನ್ನ, ಜಿಯೊ ಕಂಪನಿಯು ಸೇನೆಯ ಸಿಗ್ನಲ್ಸ್ ದಳದೊಡನೆ ಸೇರಿ ಸಿಯಾಚಿನ್‌ನ 16,000 ಅಡಿ ಎತ್ತರದ ಠಾಣೆಯೊಂದಕ್ಕೆ 4ಜಿ ಮತ್ತು 5ಜಿ ಸಂಪರ್ಕ ತಲುಪಿಸಿತು. ಯಂತ್ರಗಳು ಕಂಪನಿಯವು, ಅವನ್ನು ಮೇಲಕ್ಕೆ ಸಾಗಿಸಿದವರು ಸೈನಿಕರು. ಕಂಪನಿ ಮತ್ತು ಸೇನೆ ಹೀಗೆ ಕೂಡಿ ದುಡಿಯುವುದು ನನಗೆ ಒಪ್ಪಿಗೆಯಾದ ರೀತಿ. ಅದಕ್ಕೂ ಮೊದಲು, 2017ರ ದೀಪಾವಳಿಯಿಂದ, ಯೋಧರು ಉಪಗ್ರಹ ಫೋನಿನಲ್ಲಿ ಮನೆಗೆ ಮಾಡುವ ಕರೆಯ ದರವನ್ನು ಸರ್ಕಾರ ನಿಮಿಷಕ್ಕೆ 5 ರೂಪಾಯಿಯಿಂದ 1 ರೂಪಾಯಿಗೆ ಇಳಿಸಿ, ತಿಂಗಳ 500 ರೂಪಾಯಿ ಶುಲ್ಕವನ್ನೂ ರದ್ದು ಮಾಡಿತ್ತು.

ನಿಮ್ಮ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನೀವು ಮರೆತಿರಲಾರಿರಿ. 2016ರ ಫೆಬ್ರುವರಿಯಲ್ಲಿ ಹಿಮಕುಸಿತದಲ್ಲಿ ಹೂತುಹೋದ ಹತ್ತು ಯೋಧರಲ್ಲಿ ಅವರೊಬ್ಬರು ಆರು ದಿನಗಳ ನಂತರ ಜೀವಂತವಾಗಿ ಸಿಕ್ಕಿ, ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಹಿಮದ ಆಳವನ್ನು ನೋಡುವ ರಾಡಾರ್, ಬಂಡೆಯಂಥ ಹಿಮವನ್ನು ಕೊರೆಯುವ ಯಂತ್ರ, ಅವುಗಳ ಜೊತೆಗೆ ತರಬೇತಾದ ನಾಯಿಗಳು ಸೇರಿ ಅವರನ್ನು ಹುಡುಕಿದವು. ಆಗ ದೇಶದ ಮೂಲೆಮೂಲೆಯಿಂದ ಜನ ಹಣ ಕೊಡಲು ಮುಂದೆ ಬಂದದ್ದರಿಂದಲೇ ಸಶಸ್ತ್ರ ಪಡೆಗಳ ಯುದ್ಧಸಂತ್ರಸ್ತರ ಕಲ್ಯಾಣ ನಿಧಿ ಹುಟ್ಟಿಕೊಂಡಿತು. ರಕ್ಷಣಾ ಸಚಿವಾಲಯದ 'ಮಾ ಭಾರತಿ ಕೆ ಸಪೂತ್' ಜಾಲತಾಣದ ಮೂಲಕ ಯಾರು ಬೇಕಾದರೂ, ಎಷ್ಟು ಬೇಕಾದರೂ ಅದಕ್ಕೆ ಕೊಡಬಹುದು. ಗಡಿಯಾರಗಳಿಗೆಂದು ಕೂಡಿಸಿದ ಹಣವನ್ನು ನಿಮ್ಮ ಸಂಘ ಅಲ್ಲಿಗೆ ಕಳಿಸಲಿ. ಅಂತರ್ಜಾಲದಲ್ಲಿ ಹಣ ಕಟ್ಟುವುದು ಕಷ್ಟವಾದರೆ ಧಾರವಾಡದ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಕೇಳಿ, ರಸೀದಿ ಪಡೆಯುವುದನ್ನು ಮರೆಯಬೇಡಿ.